ಅವನಲ್ಲ ಸ್ವಾಮಿ, ಅವರ ಹೆಸರು ಅಗಾಟೆ: ನಾರ್ವೆಯ ಸಂಗೀತದ ಹಿರಿಯರಿಗೆ ಒಂದು ಬಹಿರಂಗ ಪತ್ರ

ನಾರ್ವೆಯ ಸಂಗೀತ ಶಾಲೆಗಳ ಮುಖ್ಯಸ್ಥರಿಗೆ, ಮುಂದಿನ ವರ್ಷ ಏನೇನು ನುಡಿಸಬೇಕು ಅಂತ ತೀರ್ಮಾನಿಸುವ ವಾದ್ಯವೃಂದದವರಿಗೆ, ಮಕ್ಕಳ ಕಛೇರಿಗಳಲ್ಲಿ ಮೈಕ್ ಹಿಡಿಯುವವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಮೈಸೂರಿನವಳು. ಓಸ್ಲೋಗೆ ಬಂದು ಹನ್ನೊಂದು ವರ್ಷ ಆಯ್ತು. ಈ ಪತ್ರವನ್ನು ಮೊದಲು ನಿಮ್ಮ ಭಾಷೆಯಲ್ಲೇ ಬರೆದು ಒಂದೆರಡು ಕಡೆ ಕಳಿಸಿದೆ. ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾಕೆ ಅಂದ್ರೆ, ನನಗೆ ಕೋಪ ಬರುವುದು ಕನ್ನಡದಲ್ಲೇ. ಜೊತೆಗೆ ಈಗ ಬೆಂಗಳೂರು, ಮೈಸೂರಿನಲ್ಲೂ ಎಷ್ಟೋ ಮಕ್ಕಳು ಪಿಯಾನೋ ಕಲಿಯುತ್ತಿದ್ದಾರೆ, ಅವರ ಅಪ್ಪ ಅಮ್ಮಂದಿರೂ ಇದನ್ನು ಓದಲಿ ಅಂತ. ಹಾಗಾಗಿ ನಿಮಗೆ ಚೆನ್ನಾಗಿ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಬಿಡಿಸಿ ಹೇಳಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಡೆದದ್ದು ಇಷ್ಟು. ಕಳೆದ ಡಿಸೆಂಬರಿನಲ್ಲಿ ನನ್ನ ಮಗಳ ಸಂಗೀತ ಶಾಲೆಯ ಮಕ್ಕಳ ಕಛೇರಿ ಇತ್ತು. ಹೊರಗೆ ಹಿಮ, ಒಳಗೆ ಒದ್ದೆ ಉಣ್ಣೆ ಕೋಟುಗಳ ವಾಸನೆ, ಬಾಗಿಲ ಹತ್ತಿರ ಅಪ್ಪಂದಿರು ವಾಫಲ್ ಬೇಯಿಸಿ ಮಾರುತ್ತಿದ್ದರು. ಮಗಳಿಗೆ ಹನ್ನೆರಡು ವರ್ಷ. ಅವಳು ಎರಡು ತಿಂಗಳು ಕೂತು ಕಲಿತಿದ್ದ ಪುಟ್ಟ ತುಣುಕು 'ಸೊಮ್ಮರ್‌ವೀಸೆ', ಅಂದ್ರೆ ಬೇಸಿಗೆ ಹಾಡು. ಅಚ್ಚು ಹಾಕಿದ ಹಾಳೆಯಲ್ಲಿ ಅದರ ಪಕ್ಕದಲ್ಲಿ 'ಎ. ಬಿ. ಗ್ರೋನ್‌ಡಾಲ್' ಅಂತಿತ್ತು, ಅಷ್ಟೇ. ನಿರೂಪಣೆ ಮಾಡುತ್ತಿದ್ದ ಹುಡುಗ ಹಾಳೆ ನೋಡಿ, ನಗುತ್ತಾ, "ಮುಂದಿನದು ಗ್ರೀಗ್ ಕಾಲದ ಒಬ್ಬ ಸಂಯೋಜಕ, ಗ್ರೋನ್‌ಡಾಲ್, ಅವನ ಒಂದು ಬೇಸಿಗೆ ಹಾಡು" ಅಂದ. ಗ್ರೀಗ್ ಅಂದ್ರೆ ನಾರ್ವೆಯ ಅತ್ಯಂತ ಹೆಸರಾಂತ ಸಂಯೋಜಕ. ಮಗಳು ಒಂದು ಕ್ಷಣ ಆ ಹುಡುಗನ ಮುಖ ನೋಡಿದಳು. ಆಮೇಲೆ ಸ್ಟೂಲು ಸರಿಮಾಡಿಕೊಂಡು ನುಡಿಸಿದಳು. ಚೆನ್ನಾಗಿಯೇ ನುಡಿಸಿದಳು, ಎಡಗೈ ಒಂದು ಕಡೆ ಜಾರಿತು, ಇರಲಿ. ವಾಪಸ್ ಬರುವಾಗ ಟ್ರಾಮಿನಲ್ಲಿ ಕೇಳಿದಳು, "ಅಮ್ಮಾ, ಅವರಿಗೆ ಅದು ಹೆಂಗಸಿನ ಹೆಸರು ಅಂತ ನಿಜವಾಗಲೂ ಗೊತ್ತಿಲ್ವಾ?"

ಶಾಲೆಗೆ ಬರೆದೆ. ಎರಡು ವಾರ ಬಿಟ್ಟು ಉತ್ತರ ಬಂತು: ಅಚ್ಚಿನ ತಪ್ಪು, ಮುಂದೆ ಗಮನಿಸುತ್ತೇವೆ, ಕೊನೆಯಲ್ಲಿ ಒಂದು ನಗುವ ಮುಖ. ಅಚ್ಚಿನಲ್ಲಿ ತಪ್ಪು ಎಲ್ಲಿತ್ತು ಹೇಳಿ? ಎ. ಸರಿ ಇತ್ತು, ಬಿ. ಸರಿ ಇತ್ತು. ಬರೀ ಎರಡು ಅಕ್ಷರ ನೋಡಿದ ಕೂಡಲೇ ಇದು ಗಂಡಸೇ ಅಂದುಕೊಂಡರಲ್ಲ, ಆ ಅಭ್ಯಾಸದ ಬಗ್ಗೆ ನಾನು ಕೇಳಿದ್ದು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದವರು ನೀವು.

ನಮ್ಮ ಕಡೆಯ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಅಗಾಟೆ ಬಾಕರ್ ಗ್ರೋನ್‌ಡಾಲ್ ಹುಟ್ಟಿದ್ದು 1847ರ ಡಿಸೆಂಬರ್ 1ರಂದು, ಓಸ್ಲೋ ಫ್ಯೋರ್ಡ್ ದಂಡೆಯ ಹೋಲ್ಮೆಸ್ಟ್ರಾಂಡ್ ಅನ್ನುವ ಸಣ್ಣ ಊರಿನಲ್ಲಿ. ಮನೆಯಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು. ಅಗಾಟೆಗೆ ಹತ್ತು ವರ್ಷ ಆಗುವ ಹೊತ್ತಿಗೆ ಕುಟುಂಬ ಕ್ರಿಸ್ಟಿಯಾನಿಯಾಕ್ಕೆ, ಅಂದ್ರೆ ಇವತ್ತಿನ ಓಸ್ಲೋಗೆ ಬಂತು. ಅಲ್ಲಿ ಒಳ್ಳೆಯ ಗುರುಗಳು ಸಿಕ್ಕರು. ಸಂಯೋಜಕ ಹಾಲ್ಫ್‌ದಾನ್ ಕ್ಯೆರುಲ್ಫ್ ಅವರಲ್ಲಿ ಒಬ್ಬರು. 1865ರಲ್ಲಿ, ಹದಿನೆಂಟು ತುಂಬುವ ಮೊದಲೇ, ಕಲಿಯೋದಕ್ಕೆ ಬರ್ಲಿನ್ನಿಗೆ ಹೋದರು. ಅಲ್ಲಿ ಥಿಯೋಡೋರ್ ಕುಲ್ಲಾಕ್ ಹತ್ತಿರ ಪಿಯಾನೋ. ವಾಪಸ್ ಬಂದು 1868ರಲ್ಲಿ ಕ್ರಿಸ್ಟಿಯಾನಿಯಾದಲ್ಲಿ ವಾದ್ಯವೃಂದದ ಜೊತೆ ನುಡಿಸಿದಾಗ, ಮುಂದೆ ನಿಂತು ನಡೆಸಿದವರು ಎಡ್ವರ್ಡ್ ಗ್ರೀಗ್. ಆಮೇಲೆ ಪಿಟೀಲು ವಾದಕ ಓಲೆ ಬುಲ್ ಶಿಫಾರಸಿನಿಂದ 1871ರಲ್ಲಿ ಫ್ಲಾರೆನ್ಸ್‌ಗೆ, ಪಿಯಾನೋ ವಾದಕ ಹಾನ್ಸ್ ಫೊನ್ ಬ್ಯೂಲೋ ಹತ್ತಿರ. ಅದಾದ ಮೇಲೆ ವೈಮಾರ್‌ಗೆ, ಆ ಕಾಲದ ಮಹಾನ್ ಪಿಯಾನೋ ವಾದಕ, ಸಾಕ್ಷಾತ್ ಲಿಸ್ಟ್ ಹತ್ತಿರ.

ನಮ್ಮ ಮನೆಯಲ್ಲಿ ಯಾರಾದರೂ ಹೊಸದಾಗಿ ವೀಣೆ ನುಡಿಸಿದ್ದು ಕೇಳಿದರೆ ಅಮ್ಮ ಮೊದಲು ಕೇಳುತ್ತಿದ್ದದ್ದು "ಚೆನ್ನಾಗಿದೆಯಾ" ಅಂತ ಅಲ್ಲ, "ಯಾರ ಹತ್ತಿರ ಪಾಠ?" ಅಂತ. ಆ ಲೆಕ್ಕದಲ್ಲಿ ನೋಡಿ. ಬೀಥೋವನ್ ಶಿಷ್ಯ ಚೆರ್ನಿ. ಚೆರ್ನಿ ಶಿಷ್ಯ ಲಿಸ್ಟ್. ಲಿಸ್ಟ್ ಶಿಷ್ಯೆ ಅಗಾಟೆ. ಕುಲ್ಲಾಕ್ ಕೂಡ ಚೆರ್ನಿ ಹತ್ತಿರವೇ ಕಲಿತವರು, ಬ್ಯೂಲೋ ಲಿಸ್ಟ್ ಹತ್ತಿರ. ಎತ್ತ ಕಡೆಯಿಂದ ಎಣಿಸಿದರೂ ಅದೇ ಮನೆತನ. ಮೈಸೂರಿನಲ್ಲಿ ಇಂಥ ಪರಂಪರೆಯ ಒಬ್ಬರು ಇದ್ದಿದ್ದರೆ ಒಂದು ವೃತ್ತಕ್ಕೆ ಅವರ ಹೆಸರು ಇಟ್ಟು, ವರ್ಷಕ್ಕೊಂದು ಉತ್ಸವ ಮಾಡಿ, ಉತ್ಸವದಲ್ಲಿ ಯಾರು ಮೊದಲು ಮಾತಾಡಬೇಕು ಅಂತ ಜಗಳವನ್ನೂ ಆಡಿರುತ್ತಿದ್ದೆವು. ಓಸ್ಲೋದಲ್ಲೂ ಅವರ ಹೆಸರಿನ ಒಂದು ಬೀದಿ ಇದೆ, ಇಲ್ಲ ಅನ್ನಲ್ಲ. ಬೀದಿ ಇದ್ದು ಏನು ಮಾಡೋದು, ಹಾಳೆಯ ಮೇಲೆ ಹೆಸರಿಲ್ಲ.

1875ರಲ್ಲಿ ಮದುವೆ. ಗಂಡ ಓಲಾವ್ಸ್ ಆಂಡ್ರೆಯಾಸ್ ಗ್ರೋನ್‌ಡಾಲ್, ವೃಂದಗಾನ ನಡೆಸುತ್ತಿದ್ದವರು. ಮೂರು ಗಂಡುಮಕ್ಕಳು. ಕಥೆ ಇಲ್ಲಿಗೆ ಮುಗಿಯಬೇಕಿತ್ತು ಅಲ್ವಾ, ಆ ಕಾಲದ ಎಷ್ಟೋ ಹೆಂಗಸರದು ಹಾಗೇ ಮುಗಿಯಿತು. ಇವರದು ಮುಗಿಯಲಿಲ್ಲ. 1881ರ ಸುಮಾರಿಗೆ ಕಛೇರಿಗೆಂದೇ ಬರೆದ, ಬೆರಳಿನ ಕೈಚಳಕ ಪಳಗಿಸುವ ಆರು ಎಟ್ಯೂಡ್‌ಗಳು ಬಂದವು. ಓಪಸ್ 11 ಅವು (ಓಪಸ್ ಅಂದ್ರೆ ಸಂಯೋಜಕರ ಕೃತಿಗಳ ಕ್ರಮಸಂಖ್ಯೆ), ಬೆರಳಿಗೆ ಕಷ್ಟದವು, ಮಗಳಿಗೆ ಇನ್ನೂ ಐದಾರು ವರ್ಷ ಬೇಕು. ಆಮೇಲೆ ಹಾಡುಗಳು, ಪಿಯಾನೋ ತುಣುಕುಗಳು, ಜನಪದ ಕಥೆಯ ಗುಂಗಿನ 'ನೀಲಿ ಬೆಟ್ಟದಲ್ಲಿ' ಅನ್ನುವ ತುಣುಕುಗಳ ಮಾಲೆ. ಒಟ್ಟು 70 ಓಪಸ್, ಬಿಡಿಬಿಡಿಯಾಗಿ ಎಣಿಸಿದರೆ ಸುಮಾರು 400. ಮನೆ, ಮಕ್ಕಳು, ಪಾಠ, ಪ್ರಯಾಣ ಎಲ್ಲದರ ನಡುವೆ. 1889ರಲ್ಲಿ ಪ್ಯಾರಿಸ್ಸಿನ ವಿಶ್ವಮೇಳದಲ್ಲಿ ನುಡಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಅವರನ್ನು ಕೇಳಿದ ಒಬ್ಬ ಪತ್ರಿಕಾ ವಿಮರ್ಶಕರು ಮರುಳಾಗಿ ಹೋದರು. ಆ ವಿಮರ್ಶಕರು ಬೇರೆ ಯಾರೂ ಅಲ್ಲ, ಜಾರ್ಜ್ ಬರ್ನಾರ್ಡ್ ಶಾ. ಆಗಿನ್ನೂ ನಾಟಕಕಾರ ಅಂತ ಹೆಸರು ಮಾಡಿರಲಿಲ್ಲ, 'ದಿ ಸ್ಟಾರ್' ಪತ್ರಿಕೆಗೆ ಕಾರ್ನೋ ಡಿ ಬಸ್ಸೆಟ್ಟೋ ಅನ್ನುವ ಹೆಸರಿನಲ್ಲಿ ಸಂಗೀತದ ಬಗ್ಗೆ ಬರೆಯುತ್ತಿದ್ದರು. ಸುಲಭಕ್ಕೆ ಯಾರನ್ನೂ ಹೊಗಳುವ ಆಸಾಮಿ ಅಲ್ಲ. ಅವರ ಜೊತೆ ಮಾತಾಡುವಾಗ ಅಗಾಟೆ, ಹೆಂಡತಿಯಾಗಿ ತಾಯಿಯಾಗಿ ಪಡೆದ ಅನುಭವವೇ ತನ್ನನ್ನು ಕಲಾವಿದೆ ಮಾಡಿದ್ದು ಅನ್ನುವ ಅರ್ಥದ ಮಾತು ಹೇಳಿದರಂತೆ. ಈ ಮಾತನ್ನು ನಾನು ಪೂರ್ತಿ ಒಪ್ಪೋದಿಲ್ಲ. ಮೂರು ಮಕ್ಕಳ ಬಟ್ಟೆಬರೆ ನೋಡಿಕೊಳ್ಳುವ ಹೊತ್ತಿನಲ್ಲಿ ಇನ್ನೂ ನಾಲ್ಕು ಎಟ್ಯೂಡ್ ಬರೆಯಬಹುದಿತ್ತು. ಆದರೆ ಅದು ಅವರ ಮಾತು, ಅವರ ಬದುಕು.

ಇನ್ನು ಒಂದು ಫೋಟೋ. 1898ರಲ್ಲಿ ಬರ್ಗೆನ್‌ನಲ್ಲಿ ಗ್ರೀಗ್ ಮುಂದಾಳತ್ವದಲ್ಲಿ ದೊಡ್ಡ ಸಂಗೀತೋತ್ಸವ ನಡೆಯಿತು. ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಗೆಬೌ ವಾದ್ಯವೃಂದವನ್ನೇ ಕರೆಸಿದ್ದರು, ನಮ್ಮವರು ಇರುವಾಗ ಹೊರಗಿನವರು ಯಾಕೆ ಅಂತ ಗಲಾಟೆಯೂ ಆಗಿತ್ತು. ಆಗ ನಾರ್ವೆಯ ಸಂಯೋಜಕರೆಲ್ಲ ಸೇರಿ ತೆಗೆಸಿಕೊಂಡ ಫೋಟೋ ಅದು. ಗ್ರೀಗ್, ಸ್ವೆಂಡ್‌ಸೆನ್, ಸಿಂಡಿಂಗ್, ಹಾಲ್ವೊರ್‌ಸೆನ್, ಎಲ್ಲಾ ಇದ್ದಾರೆ. ಸೂಟು, ಮೀಸೆ, ಗತ್ತು. ಅವರ ನಡುವೆ ಒಬ್ಬರೇ ಒಬ್ಬರು ಹೆಂಗಸು. ಈ ಫೋಟೋವನ್ನು ನೀವು ಎಷ್ಟೋ ಪುಸ್ತಕಗಳಲ್ಲಿ ಹಾಕಿದ್ದೀರಿ. ಮಗಳಿಗೆ ತೋರಿಸಿ "ಇವರೇ ನಿನ್ನ ಬೇಸಿಗೆ ಹಾಡಿನವರು" ಅಂದೆ. ಅವಳು ಬೆರಳಲ್ಲಿ ಪರದೆ ಹಿಗ್ಗಿಸಿ ಮುಖ ನೋಡಿ, "ಪಕ್ಕದಲ್ಲಿರೋರು ಎಲ್ಲಾ ಗೊತ್ತು, ಇವರೊಬ್ಬರು ಗೊತ್ತಿಲ್ಲ" ಅಂದಳು. ಬೆಳೆದದ್ದೆಲ್ಲಾ ಓಸ್ಲೋದಲ್ಲೇ ಆದ ಹುಡುಗಿ.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ.

ಅಗಾಟೆಯವರ ಅಕ್ಕ ಹ್ಯಾರಿಯೆಟ್ ಬಾಕರ್, ಚಿತ್ರಕಾರ್ತಿ. ತಂಗಿ ಪಿಯಾನೋ ಕಲಿಯಲು ಬರ್ಲಿನ್ನಿಗೆ, ಫ್ಲಾರೆನ್ಸಿಗೆ ಹೋದಾಗ ಅಕ್ಕನೂ ಜೊತೆಗೆ ಹೋದರು, ಅಲ್ಲಿನ ಮ್ಯೂಸಿಯಮ್ಮುಗಳಲ್ಲಿ ಕೂತು ದೊಡ್ಡವರ ಚಿತ್ರಗಳನ್ನು ನಕಲು ಮಾಡುತ್ತಾ ಕಲಿತರು. ಅಂದ್ರೆ ಇಬ್ಬರ ಕಲಿಕೆ ಒಂದೇ ಪೆಟ್ಟಿಗೆ ಹೊತ್ತುಕೊಂಡು ನಡೆದದ್ದು. 2023ರಲ್ಲಿ ಓಸ್ಲೋದ ರಾಷ್ಟ್ರೀಯ ಮ್ಯೂಸಿಯಂ ಹ್ಯಾರಿಯೆಟ್ ಅವರ ದೊಡ್ಡ ಪ್ರದರ್ಶನ ಮಾಡಿತು. ಅದು ಸ್ಟಾಕ್‌ಹೋಮ್‌ಗೆ ಹೋಯಿತು, ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿಗೆ ಹೋಯಿತು. ನಾನೂ ಹೋಗಿ ನೋಡಿದೆ, ದೀಪದ ಬೆಳಕಿನ ಆ ಕೋಣೆಗಳ ಮುಂದೆ ತುಂಬಾ ಹೊತ್ತು ನಿಂತೆ. ಬಹಳ ಸಂತೋಷ ಆಯ್ತು, ಇದು ಹೊಟ್ಟೆಕಿಚ್ಚಿನ ಮಾತಲ್ಲ. ಹ್ಯಾರಿಯೆಟ್ ಎರಡು ದಶಕಕ್ಕೂ ಜಾಸ್ತಿ ಚಿತ್ರಕಲೆಯ ಶಾಲೆ ನಡೆಸಿದರು. ಅವರ ಬಗ್ಗೆ ಏನೇ ಓದಿ, ಶಿಷ್ಯರ ಪಟ್ಟಿ ಇದ್ದೇ ಇರುತ್ತದೆ: ನಿಕೊಲಾಯ್ ಆಸ್ಟ್ರುಪ್, ಹರಾಲ್ಡ್ ಸೂಲ್‌ಬರ್ಗ್, ಹಾಲ್ಫ್‌ದಾನ್ ಎಗೆಡಿಯಸ್. ತಂಗಿಯೂ ಮೇಷ್ಟರೇ. ಅವರ ಶಿಷ್ಯರ ಪಟ್ಟಿ ಎಲ್ಲಿ?

ನಾನೇ ಒಂದೆರಡು ಹೆಸರು ಹೇಳುತ್ತೇನೆ. ಒಬ್ಬರು ಅವರ ಮಗನೇ, ಫ್ರಿಟ್ಯೋಫ್, 1885ರಲ್ಲಿ ಹುಟ್ಟಿದವರು, ದೊಡ್ಡ ಪಿಯಾನೋ ವಾದಕರಾದರು, ತಾಯಿಯ ಕೃತಿಗಳನ್ನು ಹೊರದೇಶಗಳಲ್ಲೂ ನುಡಿಸಿದರು. ಇನ್ನೊಬ್ಬರು ಬೋರ್ಗಿಲ್ಡ್ ಹೋಲ್ಮ್‌ಸೆನ್. ಅಗಾಟೆ ಹತ್ತಿರ ಕಲಿತು, ಲೈಪ್‌ಜಿಗ್‌ಗೆ ಹೋಗಿ ಬಂದು, ಬರ್ಗೆನ್‌ನಲ್ಲಿ ಪಾಠ ಹೇಳಿದರು. ಬರ್ಗೆನ್‌ನಲ್ಲಿ ಅವರ ಹತ್ತಿರ ಕಲಿತ ಒಬ್ಬ ಹುಡುಗ ಹರಾಲ್ಡ್ ಸೇವೆರೂದ್. ಹೌದು, ನೀವು ಗ್ರೀಗ್ ಆದ ಮೇಲೆ ಹೆಮ್ಮೆಯಿಂದ ಹೇಳುವ ಅದೇ ಸಂಯೋಜಕ ಸೇವೆರೂದ್. ಈಗ ಸಾಲು ಜೋಡಿಸಿ: ಬೀಥೋವನ್, ಚೆರ್ನಿ, ಲಿಸ್ಟ್, ಅಗಾಟೆ, ಬೋರ್ಗಿಲ್ಡ್, ಸೇವೆರೂದ್. ಈ ಸಾಲಿನಲ್ಲಿ ನಾಲ್ಕು ಹೆಸರು ನಿಮ್ಮ ಕಛೇರಿಯ ಹಾಳೆಗಳಲ್ಲಿ ಬರುತ್ತವೆ. ಬಾರದ ಎರಡು ಹೆಸರು ಯಾರದು ಅಂತ ನಾನು ಹೇಳಬೇಕಾ?

ನಮ್ಮೂರಿನಲ್ಲಿ ವೀಣೆ ಶೇಷಣ್ಣನವರು ಅಂತ ಇದ್ದರು, 1852ರಲ್ಲಿ ಹುಟ್ಟಿದವರು, ಅಗಾಟೆಗಿಂತ ಐದು ವರ್ಷ ಚಿಕ್ಕವರು. ಅರಮನೆಯ ವಿದ್ವಾಂಸರು, ವೀಣೆ ಅಷ್ಟೇ ಅಲ್ಲ, ಪಿಯಾನೋ ಕೂಡ ನುಡಿಸುತ್ತಿದ್ದರು. ಅವರ ಹೆಸರು ಹೇಳಿದ ಕೂಡಲೇ ಮೈಸೂರಿನ ಯಾವ ಸಂಗೀತದ ಮನೆಯಲ್ಲಾದರೂ ಮುಂದಿನ ಸಾಲು ತಾನಾಗಿ ಬರುತ್ತದೆ: ಶೇಷಣ್ಣನವರ ಶಿಷ್ಯ ವೆಂಕಟಗಿರಿಯಪ್ಪನವರು, ವೆಂಕಟಗಿರಿಯಪ್ಪನವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ಯರು. ನಮ್ಮದು ಭಾರೀ ನ್ಯಾಯದ ಸಮಾಜ ಅಂತ ಇದರ ಅರ್ಥ ಅಲ್ಲ. ಆ ಸಾಲಿನಲ್ಲಿ ಹೆಂಗಸರು ಎಷ್ಟು ಜನ ಅಂತ ನೀವು ತಿರುಗಿ ಕೇಳಿದರೆ ನಾನೂ ತಲೆ ತಗ್ಗಿಸಬೇಕು. ನಮ್ಮ ಅಮ್ಮ ಮೂವತ್ತು ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ವೀಣೆ ಪಾಠ ಹೇಳಿದರು. ಯಾವ ಪತ್ರಿಕೆಯಲ್ಲೂ ಒಂದು ಸಾಲು ಬರಲಿಲ್ಲ. ಅದಕ್ಕೇ ಇರಬೇಕು, ಈ ವಿಷಯ ನನಗೆ ಇಷ್ಟು ಚುಚ್ಚುವುದು.

ಕಿವಿಯ ವಿಷಯ ಒಂದಿದೆ. ಬೀಥೋವನ್ನಿಗೆ ಕಿವಿ ಕೇಳುತ್ತಿರಲಿಲ್ಲ ಅಂತ ನಿಮ್ಮ ಶಾಲೆಯ ಪ್ರತಿ ಮಗುವಿಗೂ ಗೊತ್ತು. ನನ್ನ ಮಗಳು ಆರನೇ ವಯಸ್ಸಿಗೇ ಬಂದು ಹೇಳಿದ್ದಳು. ಅಗಾಟೆಗೂ ವಯಸ್ಸಾಗುತ್ತಾ ಕಿವಿ ಮಂದವಾಗುತ್ತಾ ಹೋಗಿ, ಕೊನೆಗೆ ಹೆಚ್ಚುಕಮ್ಮಿ ಕೇಳಿಸದ ಸ್ಥಿತಿಗೇ ಬಂತು. ಹೊಸ ಶತಮಾನದ ಮೊದಲ ವರ್ಷಗಳಲ್ಲೇ ವೇದಿಕೆ ಬಿಡಬೇಕಾಯಿತು. ಪಾಠ ಬಿಡಲಿಲ್ಲ. ಇದನ್ನು ಯಾವ ಮಗುವಿಗೆ ಹೇಳಿದ್ದೀರಿ? ನಮ್ಮ ಅಮ್ಮನಿಗೂ ಎಪ್ಪತ್ತರ ಮೇಲೆ ಕಿವಿ ಹೋಯಿತು. ಪಾಠಕ್ಕೆ ಬಂದ ಹುಡುಗಿ ನುಡಿಸುವಾಗ ಅವಳ ವೀಣೆಯ ಕೊಡದ ಮೇಲೆ ಅಂಗೈ ಇಟ್ಟು ಕೂರುತ್ತಿದ್ದರು, ಕಣ್ಣು ಮಾತ್ರ ವೀಣೆಯ ಮೆಟ್ಟಿಲುಗಳ ಮೇಲೆ. ಬೆರಳು ಒಂದು ಕೂದಲೆಳೆ ಆಚೆ ಈಚೆ ಆದರೂ "ಊಂಹೂಂ" ಅನ್ನುತ್ತಿದ್ದರು. ಅಗಾಟೆ ಬಗ್ಗೆ ಓದುವಾಗಲೆಲ್ಲ ನನಗೆ ಅಮ್ಮನ ಆ ಅಂಗೈ ಕಣ್ಣ ಮುಂದೆ ಬರುತ್ತದೆ.

ಅಗಾಟೆ ತೀರಿಕೊಂಡದ್ದು 1907ರ ಜೂನ್ 4ರಂದು, ಓರ್ಮೋಯಾ ದ್ವೀಪದ ಮನೆಯಲ್ಲಿ. ಸರಿಯಾಗಿ ಮೂರು ತಿಂಗಳಿಗೆ, ಸೆಪ್ಟೆಂಬರ್ 4ರಂದು, ಗ್ರೀಗ್ ಹೋದರು. ದೇಶ ಗ್ರೀಗ್‌ಗಾಗಿ ಅತ್ತಿತು, ಅದು ಸರಿಯೇ. ಗ್ರೀಗ್ 1903ರಲ್ಲಿ ಪ್ಯಾರಿಸ್ಸಿನಲ್ಲಿ ಕೂತು ಕೆಲವು ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿದ್ದರು, ಗರಗರ ಸದ್ದಿನ ನಡುವೆ ಅವರ ಕೈ ಇವತ್ತಿಗೂ ಕೇಳಿಸುತ್ತದೆ. ಅಗಾಟೆಯವರದು ಹಾಗೆ ಏನೂ ಉಳಿದಿಲ್ಲ. ಅಕ್ಕನ ಚಿತ್ರ ಗೋಡೆಯ ಮೇಲೆ ಇದೆ, ಬಾಗಿಲು ತೆಗೆದರೆ ಸಾಕು. ತಂಗಿಯದು ಯಾರಾದರೂ ಕೂತು ನುಡಿಸಿದರೆ ಮಾತ್ರ ಇದೆ, ನುಡಿಸದಿದ್ದರೆ ಇಲ್ಲ. ಹಾಗಾಗಿಯೇ ನಿಮ್ಮ ಮೇಲೆ ಮ್ಯೂಸಿಯಂನವರಿಗಿಂತ ಜಾಸ್ತಿ ಹೊಣೆ ಇದೆ ಅಂತ ನಾನು ಹೇಳುತ್ತಿರುವುದು.

ಕೆಲವರು ನುಡಿಸಿದ್ದಾರೆ, ಸುಳ್ಳು ಹೇಳಬಾರದು. ಲಿವ್ ಗ್ಲಾಸರ್ ಅವರು, ತಾವೂ ಪಿಯಾನೋ ವಾದಕಿ, ತಾವೂ ಮೇಷ್ಟರು, ಎಷ್ಟೋ ವರ್ಷದ ಹಿಂದೆಯೇ ಈ ಕೃತಿಗಳನ್ನು ರೆಕಾರ್ಡ್ ಮಾಡಿದರು. 'ಸಂಜೆಯ ಕಡೆಗೆ' ಅನ್ನುವ ಹಾಡನ್ನು ನಮ್ಮ ಪಕ್ಕದ ಮನೆಯ ಅಜ್ಜಿ ಬಾಯಿಪಾಠ ಹಾಡುತ್ತಾರೆ. ಬರೆದವರು ಯಾರು ಅಂದರೆ "ಗ್ರೀಗ್ ಇರಬೇಕು" ಅನ್ನುತ್ತಾರೆ.

ಹಾಗಾದರೆ ನಿಮ್ಮಿಂದ ನನಗೆ ಏನು ಬೇಕು?

ಮೊದಲನೆಯದಕ್ಕೆ ಒಂದು ಕಾಸೂ ಖರ್ಚಿಲ್ಲ. ಹೆಸರು ಪೂರ್ತಿ ಅಚ್ಚು ಹಾಕಿ. ಅಗಾಟೆ ಬಾಕರ್ ಗ್ರೋನ್‌ಡಾಲ್. ಜಾಗ ಸಾಲದಿದ್ದರೆ ಗ್ರೀಗ್ ಅವರನ್ನು 'ಇ.' ಮಾಡಿ, ಅವರನ್ನು ಯಾರೂ ಹೆಂಗಸು ಅಂದುಕೊಳ್ಳುವುದಿಲ್ಲ. ಆಮೇಲೆ ಮಾರ್ಚ್ 8ರ ವಿಷಯ. ಮಹಿಳಾ ದಿನದಂದು ಎಲ್ಲಾ ಕಡೆ ಅಗಾಟೆಯವರ ಒಂದು ತುಣುಕು ಕೇಳಿಸುತ್ತದೆ, ಜೊತೆಗೆ ಬಿಸ್ಕತ್ತು ಕಾಫಿ, ಮಾರನೇ ದಿನದಿಂದ ಮತ್ತೆ ಹಳೇ ಕಥೆ. ದಯವಿಟ್ಟು ಅಕ್ಟೋಬರಿನ ಯಾವುದೋ ಒಂದು ಸಾಧಾರಣ ಗುರುವಾರ, ದೊಡ್ಡ ಸಭಾಂಗಣದಲ್ಲಿ, ಶೋಪಾನ್ ಪಕ್ಕದಲ್ಲಿ ಆ ಆರು ಎಟ್ಯೂಡ್‌ಗಳಲ್ಲಿ ಎರಡನ್ನು ಇಡಿ. ಚೆನ್ನಾಗಿಲ್ಲ ಅನ್ನಿಸಿದರೆ ಜನ ಹೇಳುತ್ತಾರೆ. ಕೇಳಿಸದೇ ತೀರ್ಪು ಕೊಡಬೇಡಿ ಅಷ್ಟೇ.

ಇನ್ನು ಶಾಲೆಗಳಿಗೆ. ಈ ದೇಶದಲ್ಲಿ ಪ್ರತಿ ಮುನ್ಸಿಪಾಲಿಟಿಯೂ, ಒಂಟಿಯಾಗಿಯೋ ನೆರೆಯವರ ಜೊತೆ ಸೇರಿಯೋ, ಮಕ್ಕಳಿಗೆ ಸಂಗೀತ ಮತ್ತು ಕಲೆ ಕಲಿಸುವ ಶಾಲೆ ನಡೆಸಲೇಬೇಕು ಅಂತ 1997ರಿಂದ ಕಾನೂನಿದೆ. ನಮ್ಮೂರಿನವರಿಗೆ ಇದನ್ನು ಹೇಳಿದಾಗ ನಂಬುವುದೇ ಇಲ್ಲ, ಅಷ್ಟು ಒಳ್ಳೆಯ ಕಾನೂನು. ಅದರಲ್ಲಿ ನನ್ನ ತೆರಿಗೆಯೂ ಇದೆ. ಅಗಾಟೆ ಕೃತಿಗಳ ಹಕ್ಕುಸ್ವಾಮ್ಯ ಮುಗಿದು ಎಷ್ಟೋ ಕಾಲ ಆಯ್ತು, ಸ್ವರಲಿಪಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಕಷ್ಟ ಇರುವುದು ಒಂದೇ ಕಡೆ: ಅವೆಲ್ಲಾ ಹಳೆಯ ಅಚ್ಚು, ಮಕ್ಕಳ ಕಣ್ಣಿಗೆ ಒತ್ತೊತ್ತು, ಯಾವುದು ಸುಲಭ ಯಾವುದು ಕಷ್ಟ ಅಂತ ಗುರುತಿಲ್ಲ. ನಿಮ್ಮಲ್ಲಿ ಇಷ್ಟು ಜನ ಮೇಷ್ಟರಿದ್ದೀರಿ. ಹತ್ತು ಸುಲಭದ ತುಣುಕು ಆರಿಸಿ, ಬೆರಳಿನ ಅಂಕಿ ಹಾಕಿ, ಒಂದು ತೆಳ್ಳನೆಯ ಪುಸ್ತಕ ಮಾಡಿ. ಹಿಂದಿನ ಪುಟದಲ್ಲಿ ಯಾರು ಯಾರ ಹತ್ತಿರ ಕಲಿತರು ಅನ್ನುವ ಆ ಸಾಲನ್ನು ಹಾಕಿ, ಬೋರ್ಗಿಲ್ಡ್ ಅವರ ಹೆಸರನ್ನೂ ಬಿಡದೆ. ನಮ್ಮೂರಿನ ಅಪ್ಪ ಅಮ್ಮಂದಿರೇ, ನೀವು ಆ ಪುಸ್ತಕಕ್ಕೆ ಕಾಯಬೇಕಿಲ್ಲ. ಈ ವಾರವೇ ನಿಮ್ಮ ಮಕ್ಕಳ ಪಿಯಾನೋ ಟೀಚರ್ ಹತ್ತಿರ ಬೇಸಿಗೆ ಹಾಡು ಕೇಳಿ ನೋಡಿ.

ನಾರ್ವೆಯ ಸಂಗೀತದ ಬಗ್ಗೆ ಮೈಸೂರಿನವಳಿಗೆ ಏನು ಉಸಾಬರಿ ಅಂತ ಯಾರಿಗಾದರೂ ಅನ್ನಿಸಬಹುದು. ಒಬ್ಬರು ನನಗೆ ಹಾಗೆ ಬರೆದೂ ಬರೆದರು, ಸ್ವಲ್ಪ ಮೆತ್ತಗಿನ ಮಾತಿನಲ್ಲಿ. ಅವರಿಗೆ ಒಂದು ಹಳೇ ಸಂಗತಿ. ನಿಕೊಲಾಯ್ ಮೆಟ್ನರ್ ಅಂತ ಒಬ್ಬ ರಷ್ಯದ ಪಿಯಾನೋ ವಾದಕ, ಸಂಯೋಜಕ. ವಯಸ್ಸಾಗಿ, ಆರೋಗ್ಯ ಕೆಟ್ಟು ಲಂಡನ್ನಿನಲ್ಲಿದ್ದರು, ಕೇಳುವವರು ಕಮ್ಮಿ. ಅವರ ಸಂಗೀತ ಮೆಚ್ಚಿದ ನಮ್ಮ ಮಹಾರಾಜರು, ಜಯಚಾಮರಾಜ ಒಡೆಯರು, 1940ರ ದಶಕದ ಕೊನೆಯ ಹೊತ್ತಿಗೆ ಮೆಟ್ನರ್ ಸೊಸೈಟಿ ಅಂತ ಮಾಡಿ, ದುಡ್ಡು ಕೊಟ್ಟು, ಅವರ ಕೃತಿಗಳನ್ನು ಅವರ ಕೈಯಿಂದಲೇ ರೆಕಾರ್ಡ್ ಮಾಡಿಸಿದರು. ಪಿಯಾನೋ ಮತ್ತು ವಾದ್ಯವೃಂದಕ್ಕೆ ಬರೆದ ಮೂರು ಕನ್ಚರ್ಟೋಗಳನ್ನೂ ಮೆಟ್ನರ್ ಅವರೇ ನುಡಿಸಿದರು. ಮೂರನೆಯದನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಮೆಟ್ನರ್ ತೀರಿಕೊಂಡರು, ಆ ರೆಕಾರ್ಡುಗಳು ಉಳಿದವು. ನನ್ನ ಹತ್ತಿರ ಅರಮನೆ ಇಲ್ಲ, ಬೊಕ್ಕಸ ಇಲ್ಲ. ಒಂದು ಪತ್ರ ಬರೆಯಬಹುದು, ಬರೆದಿದ್ದೇನೆ.

ಮಗಳ ಮುಂದಿನ ಕಛೇರಿ ಜೂನ್ ಮೊದಲ ವಾರದಲ್ಲಿದೆ. ಟೀಚರ್ ಬೇರೆ ಏನಾದರೂ ನುಡಿಸು ಅಂದರು, ಅವಳು ಬೇಡ, ಬೇಸಿಗೆ ಹಾಡೇ ಇನ್ನೊಂದು ಸಲ ನುಡಿಸುತ್ತೇನೆ ಅಂದಿದ್ದಾಳೆ. ನಿರೂಪಣೆ ಮಾಡುವವರಿಗೆ ಕೊಡೋಣ ಅಂತ ಒಂದು ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಿಟ್ಟಿದ್ದಾಳೆ, 'ಅವಳು' ಅನ್ನುವುದರ ಕೆಳಗೆ ಎರಡು ಗೆರೆ ಎಳೆದು. ವಾಫಲ್ ಸರದಿ ಈ ಸಲ ನಮ್ಮದು. ಬನ್ನಿ.

ಇಂತಿ,
ಓಸ್ಲೋದಲ್ಲಿರುವ ಒಬ್ಬ ಮೈಸೂರಿನ ತಾಯಿ